ಬೀಜಕ್ಕೊಂದು ಡಿಗ್ರಿ, ಗಾಳಿಗೊಂದು ಡಿಗ್ರಿ

ನಮ್ಮ ರಾಯಚೂರಿನಲ್ಲಿ ಬಿಸಿಗೆ ಎರಡು ಲೆಕ್ಕ. ಹೊರಗೆ ಬಿಸಿಲು ನಲವತ್ನಾಲ್ಕು, ಒಳಗೆ ಮಗುವಿನ ಜ್ವರ ನೂರಾ ಎರಡು. ಒಂದೇ ಮನೆಯಲ್ಲಿ, ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತೇವೆ, ಯಾರಿಗೂ ಗೊಂದಲವಾಗುವುದಿಲ್ಲ. ಬಿಸಿಲು ಸೆಲ್ಸಿಯಸ್‌ನಲ್ಲಿ, ಜ್ವರ ಫ್ಯಾರನ್‌ಹೀಟ್‌ನಲ್ಲಿ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ನನ್ನ ತಾಯಿ ನಮ್ಮ ಕಂಕುಳಿನಿಂದ ಥರ್ಮಾಮೀಟರ್ ತೆಗೆದು, ಬೆಳಕಿಗೆ ಹಿಡಿದು, "ನೂರು ದಾಟ್ಯದ" ಅಂದರೆ ಮನೆಯವರ ಮುಖವೆಲ್ಲ ಸಣ್ಣಗಾಗುತ್ತಿತ್ತು. "ಹೊರಗ ನಲವತ್ತೈದಂತ" ಅಂದರೆ ಯಾರೂ ಕಣ್ಣು ಕೂಡ ತೆರೆಯುತ್ತಿರಲಿಲ್ಲ, ಮಗ್ಗುಲು ಬದಲಿಸಿ ಮಲಗುತ್ತಿದ್ದರು.

ಮನುಷ್ಯರ ನಡುವೆ ಇದು ನಡೆಯುತ್ತದೆ. ಕಂಪ್ಯೂಟರಿನೊಳಗೆ ನಡೆಯುವುದಿಲ್ಲ. ಅದಕ್ಕೆ ಬಿಸಿಲು ಗೊತ್ತಿಲ್ಲ, ಜ್ವರ ಗೊತ್ತಿಲ್ಲ, ಬರೀ ಅಂಕಿ ಗೊತ್ತು. ನಾನು ಹೊಟ್ಟೆಪಾಡಿಗೆ ಬರೆಯುವುದು ಸಾಫ್ಟ್‌ವೇರ್. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದುಕೊಂಡಿದ್ದೇನೆ. ರೈಸ್‌ಮಿಲ್ಲುಗಳ ತೂಕದ ಕಾಟಾ, ಹತ್ತಿ ಜಿನ್ನಿಂಗ್‌ನವರ ಗೋದಾಮಿನ ಲೆಕ್ಕ, ಇಂಥವೇ ನನ್ನ ಕೆಲಸ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಅತಿ ಹೆಚ್ಚು ಹೇಸಿಗೆ ತರಿಸುವ ಮಾತು ಯಾವುದೆಂದು ಕೇಳಿದರೆ, ಅದು ಬೈಗುಳವಲ್ಲ. "ಎರಡೂ ಇರ್ಲಿ ಬಿಡ್ರಿ" ಎಂಬ ಮಾತು.

ಗಂಟೆಗಟ್ಟಲೆ ವಾದ ನಡೆದ ಮೇಲೆ ಯಾರಾದರೊಬ್ಬ ಹಿರಿಯರು ಚಹಾದ ಕಪ್ಪು ಕೆಳಗಿಟ್ಟು ಈ ಮಾತು ಹೇಳುತ್ತಾರೆ. ಎಲ್ಲರೂ ಸಮಾಧಾನದ ಉಸಿರು ಬಿಟ್ಟು ಎದ್ದು ಹೋಗುತ್ತಾರೆ. ಮದುವೆಯಲ್ಲಿ ಹೋಳಿಗೆ ಮಾಡಿಸುವುದೋ ಬೂಂದಿ ಮಾಡಿಸುವುದೋ ಎಂಬ ಜಗಳಕ್ಕೆ ಈ ತೀರ್ಪು ಸರಿ. ಒಂದು ವಸ್ತುವನ್ನು ಎರಡು ಅಳತೆಯಲ್ಲಿ ಅಳೆದು, ಯಾವ ಅಂಕಿ ಯಾವ ಅಳತೆಯದು ಎಂಬುದನ್ನು ದೇವರಿಗೆ ಬಿಡುವುದಕ್ಕೆ ಇದು ಸರಿಯಲ್ಲ. ಇದನ್ನು ನಾನು ಒಬ್ಬ ಸಾಹುಕಾರರಿಗೆ ಬಾಯಿ ನೋಯುವಷ್ಟು ಹೇಳಿದೆ. ಅವರ ಕಿವಿಗೆ ಹೋಗಲಿಲ್ಲ.

ಈ ಸಾಹುಕಾರರದು ಭತ್ತದ ಬೀಜದ ವ್ಯಾಪಾರ. ರಾಯಚೂರಿನಲ್ಲಿ ಆಫೀಸು, ಮಾನ್ವಿಯ ಹೊರಗೆ ಬೀಜ ಒಣಗಿಸಿ ಚೀಲ ತುಂಬುವ ದೊಡ್ಡ ಶೆಡ್ಡು, ದೇವದುರ್ಗದಲ್ಲಿ ಮಾರಾಟದ ಅಂಗಡಿ. ನನ್ನನ್ನು ಕರೆಸಿದ ದಿನ ಅವರು ತಮ್ಮ ಕೋಣೆಯಲ್ಲಿ ಎಸಿಯನ್ನು ಹದಿನೆಂಟಕ್ಕೆ ಇಟ್ಟುಕೊಂಡು, ಚಳಿಯಾಗುತ್ತದೆಂದು ಮೇಲೊಂದು ಶಾಲು ಹೊದ್ದು ಕುಳಿತಿದ್ದರು. ಬಾಯಲ್ಲಿ ಗುಟ್ಕಾ. ಮಾತಾಡಬೇಕೆಂದಾಗಲೆಲ್ಲ ಮೇಜಿನ ಮೇಲಿನ ಕಾಗದದ ಕಪ್ಪಿಗೆ ಉಗುಳಿ, ಆ ಕಪ್ಪನ್ನು ನನ್ನ ಚಹಾದ ಕಪ್ಪಿನ ಪಕ್ಕದಲ್ಲೇ ಇಡುತ್ತಿದ್ದರು. ನಾನು ಆ ಚಹಾ ಮುಟ್ಟಲಿಲ್ಲ.

ಕೆಲಸ ಕಷ್ಟದ್ದೇನಲ್ಲ. ಶೆಡ್ಡಿನಲ್ಲಿ ಒಲೆಗೆ ಭತ್ತದ ಹೊಟ್ಟು ಹಾಕಿ ಉರಿಸುತ್ತಾರೆ. ಅದರ ಬಿಸಿಗಾಳಿಯನ್ನು ದೊಡ್ಡ ಫ್ಯಾನು ಡ್ರೈಯರಿನೊಳಗಿನ ಹಸಿ ಭತ್ತಕ್ಕೆ ತಳ್ಳುತ್ತದೆ. ಊಟದ ಅಕ್ಕಿಗೆ ಹೋಗುವ ಭತ್ತವಾದರೆ ಗಾಳಿ ಸ್ವಲ್ಪ ಹೆಚ್ಚು ಕಾದರೂ ನಡೆಯುತ್ತದೆ. ಬೀಜದ ಭತ್ತ ಹಾಗಲ್ಲ. ನಲವತ್ಮೂರು ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳಗಿನ ಮೊಳಕೆ ಸಾಯುತ್ತದೆ. ಕಾಳು ಹೊರಗಿನಿಂದ ಹಾಗೇ ಚೆಂದ ಕಾಣುತ್ತದೆ, ಸತ್ತದ್ದು ಗೊತ್ತೇ ಆಗುವುದಿಲ್ಲ. ಡ್ರೈಯರಿನೊಳಗೆ ಬಿಸಿ ಅಳೆಯುವ ಒಂದು ಕಡ್ಡಿ ಇಟ್ಟು, ಬಿಸಿ ಮಿತಿಯೊಳಗಿದ್ದರೆ ಕಂಪ್ಯೂಟರಿನ ಪರದೆ ಹಸಿರಾಗಿರಬೇಕು, ದಾಟಿದರೆ ಕೆಂಪಾಗಿ ಗಂಟೆ ಹೊಡೆಯಬೇಕು. ಇಷ್ಟೇ ನಾನು ಮಾಡಿಕೊಡಬೇಕಿದ್ದದ್ದು.

ಎಲ್ಲ ಮಾತು ಮುಗಿದು ನಾನು ಏಳುವ ಹೊತ್ತಿಗೆ ಸಾಹುಕಾರರು ಕಪ್ಪಿಗೆ ಉಗುಳಿದರು.

"ಮೇಡಂರೀ, ಒಂದು ಮಾತು. ಗಾಳಿದು ಸೆಲ್ಸಿಯಸ್‌ನಾಗ ಇಡ್ರಿ. ಬೀಜದ್ದು ಮಾತ್ರ ಫ್ಯಾರನ್‌ಹೀಟ್‌ನಾಗ ಇರ್ಲಿ."

"ಯಾಕ್ರಿ?"

"ಬೀಜಕ್ಕ ಜೀವ ಅದಲ್ರಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ಜೀವ ಇದ್ದದ್ದಕ್ಕ ಫ್ಯಾರನ್‌ಹೀಟ್‌ನಾಗ ಅಳೀತಾರ್ರಿ. ಮನಷ್ಯಾಗ ಹಂಗ, ಎಮ್ಮಿಗೂ ಹಂಗ. ದನದ ಡಾಕ್ಟರ್ ಬಂದ್ರ ನೂರಾ ಮೂರು ಅದ ಅಂತಾನಿಲ್ರಿ? ಬಿಸಿಲು, ಗಾಳಿ, ಇಂಜಿನ್ನು, ಇವಕ್ಕ ಸೆಲ್ಸಿಯಸ್ಸು. ಬೀಜ ಅಂದ್ರ ಸುಮ್ನ ಕಾಳಲ್ರಿ. ನಲವತ್ಮೂರು ಅಂತ ಬರದ್ರ ಸತ್ತದ್ದಕ್ಕ ಬರದಂಗ ಕಾಣ್ತದ."

ಪಕ್ಕದಲ್ಲಿ ಕುಳಿತಿದ್ದ ಅವರ ಭಾವಮೈದುನ ತಲೆಯಾಡಿಸಿದ. ಮಾನ್ವಿಯ ಶೆಡ್ಡು ನೋಡಿಕೊಳ್ಳುವವನು ಅವನೇ. ಅವನ ಪಕ್ಕದ ಗುಮಾಸ್ತರೂ ತಲೆಯಾಡಿಸಿದರು. "ಬರೋಬ್ಬರಿ ಮಾತ್ರಿ," ಅಂದರು. ನನಗೆ ಮೈ ಉರಿಯಿತು. ಹೇಳಿದ ಮಾತಿಗಿಂತ ಆ ತಲೆಯಾಡಿಸುವಿಕೆಗೆ ಉರಿಯಿತು. ಸಾಹುಕಾರರು ಸೂರ್ಯನಿಗೆ ಜ್ವರ ಬಂದಿದೆ ಎಂದಿದ್ದರೂ ಆ ಎರಡು ತಲೆಗಳು ಆಡುತ್ತಿದ್ದವು.

ಅವರ ಮಾತಿನಲ್ಲಿ ಒಂದು ಚೆಂದವಿದೆ ಎಂದು ನನಗೆ ಆಗಲೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮರುದಿನ ಮಾನ್ವಿಯ ಶೆಡ್ಡಿಗೆ ಹೋದಾಗ ಆ ಚೆಂದ ಕಮರಿತು. ನಮ್ಮ ಕಡೆ ಯಾರೇ ಆಗಲಿ ಕಾಳಿನ ರಾಶಿಯ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಾರೆ. ಚೀಲ ಹೊರುವವರು ಬಿಟ್ಟಿದ್ದರು, ಲಾರಿಯ ಡ್ರೈವರ್ ಬಿಟ್ಟಿದ್ದ, ನಾನೂ ಬಿಟ್ಟೆ. ಬೀಜಕ್ಕೆ ಜೀವವಿದೆ ಎಂದ ಸಾಹುಕಾರರು ಬೂಟು ಹಾಕಿಕೊಂಡೇ ರಾಶಿಯ ಮೇಲೆ ಹತ್ತಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು.

ಅಲ್ಲೇ ನಾನು ಮತ್ತೆ ಮಾತು ತೆಗೆದೆ. "ಕಡ್ಡಿ ಅಳಿಯೂದು ಸೆಲ್ಸಿಯಸ್‌ನಾಗ. ಮಿತಿನೂ ಸೆಲ್ಸಿಯಸ್‌ನಾಗ ಇರಬೇಕ್ರಿ. ಒಂದಕ್ಕ ಇನ್ನೊಂದು ಹೋಲಿಸಿ ನೋಡೂದು ಕಂಪ್ಯೂಟರ್. ಅದಕ್ಕ ಜೀವ ಗೀವ ತಿಳಿಯೂದಿಲ್ಲ."

"ಎರಡೂ ಇರ್ಲಿ ಬಿಡ್ರಿ," ಅಂದರು ಸಾಹುಕಾರರು, ಫೋನಿನ ಮೇಲೆ ಕೈ ಮುಚ್ಚಿಕೊಂಡು.

ನಾನು ಇಡಲಿಲ್ಲ. ಎಲ್ಲವನ್ನೂ ಸೆಲ್ಸಿಯಸ್‌ನಲ್ಲಿ ಬರೆದೆ. ಬೀಜದ ಮಿತಿ ತುಂಬುವ ಜಾಗದ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಸೆಲ್ಸಿಯಸ್ ಎಂದು ಹಾಕಿದೆ. ಯಾರಾದರೂ ಐವತ್ತಕ್ಕಿಂತ ದೊಡ್ಡ ಅಂಕಿ ಒತ್ತಿದರೆ ತೆಗೆದುಕೊಳ್ಳದ ಹಾಗೆ ಮಾಡಿದೆ. ಸಾಹುಕಾರರು ಮೂಗು ಮುರಿದರು, ಭಾವಮೈದುನ ಅವರಿಗಿಂತ ಹೆಚ್ಚು ಮುರಿದ. ಆ ಹಂಗಾಮು ಎಲ್ಲ ಸರಿಯಾಗಿ ನಡೆಯಿತು. ಉರಿ ಹೆಚ್ಚಾದಾಗ ಗಂಟೆ ಹೊಡೆಯುತ್ತಿತ್ತು, ಒಲೆಯ ಮುಂದಿನವನು ಹೊಟ್ಟು ಹಾಕುವುದನ್ನು ನಿಲ್ಲಿಸುತ್ತಿದ್ದ, ಬೀಜ ತಣ್ಣಗೆ ಒಣಗುತ್ತಿತ್ತು.

ಕಲ್ಲೂರಿನ ಒಬ್ಬ ಹೆಂಗಸನ್ನು ನಾನು ಮೊದಲು ನೋಡಿದ್ದು ಆಗಲೇ. ಐವತ್ತು ದಾಟಿದವರು, ಹಣೆಯ ತುಂಬ ವಿಭೂತಿ. ಸಾಹುಕಾರರಿಗೆ ಬೀಜ ಬೆಳೆದು ಕೊಡುವವರಲ್ಲಿ ಒಬ್ಬರು. ತಮ್ಮ ಬೀಜ ಡ್ರೈಯರಿಗೆ ಬಿದ್ದ ಗಳಿಗೆಯಿಂದ ಹೊರಬರುವವರೆಗೆ ಪಕ್ಕದಲ್ಲಿ ಗೋಣಿಚೀಲ ಮಡಚಿ ಹಾಕಿಕೊಂಡು ಕೂರುತ್ತಿದ್ದರು.

"ಇಲ್ಲಿ ಕುಂತು ಏನ್ ಮಾಡ್ತೀರಿ ಅಕ್ಕಾರ?" ಎಂದು ಕೇಳಿದೆ.

"ಏನೂ ಮಾಡೂದಿಲ್ಲ ತಂಗಿ. ಕುಂದರ್ತೀನಿ. ಮಗಳು ಹಡಿಯಾಕ ಒಳಗ ಹೋಗಿದ್ರ ನಾವೇನ್ ಮಾಡ್ತೀವಿ? ಬಾಗಲಾಗ ಕುಂದರ್ತೀವಿ."

ಅವರ ಗದ್ದೆಯಲ್ಲಿ ಬೆರಕೆ ತೆನೆ ಸಿಗುವುದಿಲ್ಲ ಎಂದು ಸುತ್ತ ಹೆಸರಾಗಿತ್ತು. ತೆನೆ ಹೊಡೆಯುವ ಹೊತ್ತಿಗೆ ದಿನಾ ಮುಂಜಾನೆ ಕೆಸರಿಗಿಳಿದು, ಬೇರೆ ಜಾತಿಯ ಪೈರು ಕಂಡರೆ ಬೇರು ಸಮೇತ ಕಿತ್ತು ಬದುವಿಗೆ ಎಸೆಯುವರು. ಚೀಲದ ಮೇಲೆ ಇರುವುದು ಸಾಹುಕಾರರ ಮುದ್ರೆ. ಆದರೆ ಗಬ್ಬೂರು, ಬಾಗಲವಾಡದ ಕಡೆಯವರು ಅಂಗಡಿಗೆ ಬಂದು ಆ ಮುದ್ರೆಯನ್ನು ಕೇಳುತ್ತಿರಲಿಲ್ಲ. "ಕಲ್ಲೂರವ್ವನ ಬೀಜ ಬಂದಾವೇನ್ರಿ?" ಎಂದು ಕೇಳುತ್ತಿದ್ದರು. ಆ ಮಾತು ಈ ಹೆಂಗಸಿನ ಕಿವಿಗೂ ಬಿದ್ದಿತ್ತು. ಅದನ್ನು ನನಗೆ ಹೇಳುವಾಗ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಹುಡುಗಿಯ ಹಾಗೆ ನಕ್ಕರು. ಆ ಹೆಸರು ಬಿಟ್ಟರೆ ಅವರು ಇನ್ನಾವುದರ ಬಗ್ಗೆಯೂ ಜಂಬಪಟ್ಟದ್ದನ್ನು ನಾನು ಕಾಣೆ.

ಮರುವರ್ಷ ನನಗೆ ಆ ಕಡೆಯಿಂದ ಕರೆ ಬರಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡೆ. ಭತ್ತದ ಸಸಿ ಮಡಿ ಹಾಕುವ ಹೊತ್ತಿಗೆ ಸಾಹುಕಾರರ ಫೋನು ಬಂತು.

"ಮೇಡಂರೀ, ಊಟ ಆತ್ರಿ? ಆರಾಮದೀರಿ?"

ಕೆಲಸ ಮುಗಿಸಿಕೊಟ್ಟ ಮೇಲೆ ಒಂದು ದಿನವೂ ನನ್ನ ಊಟ ವಿಚಾರಿಸದ ಮನುಷ್ಯ. ಆ ಸಿಹಿ ದನಿ ಕೇಳಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ವಿಷಯ ಇಷ್ಟು: ದೇವದುರ್ಗದ ಅಂಗಡಿಯಿಂದ ಹೋದ ಬೀಜ ಗಬ್ಬೂರಿನ ಕಡೆ ಮೊಳೆತಿಲ್ಲ. ಮಂದಿ ಗಲಾಟೆ ಮಾಡುತ್ತಿದ್ದಾರೆ. ಡ್ರೈಯರಿನ ಪರದೆ ಆ ಹೊತ್ತಿಗೆಲ್ಲ ಹಸಿರಾಗಿಯೇ ಇತ್ತು ಎಂಬುದು ಕಂಪ್ಯೂಟರಿನಲ್ಲಿದೆ. ಸಾಫ್ಟ್‌ವೇರ್ ಬರೆದವಳಾದ ನಾನು ನಾಲ್ಕು ಮಂದಿಯ ಮುಂದೆ ಬಂದು, ಯಂತ್ರದ್ದೇನೂ ತಪ್ಪಿಲ್ಲ ಎಂದು ಹೇಳಬೇಕು. ಹಸಿರಿದ್ದರೆ ಹೇಳಲು ನನಗೇನು ತೊಂದರೆ ಎಂದು ಅವರ ಕಾರು ಹತ್ತಿದೆ.

ಗಬ್ಬೂರಿನಲ್ಲಿ ಒಬ್ಬ ರೈತರ ಅಂಗಳಕ್ಕೆ ಕರೆದೊಯ್ದರು. ಬೀಜವನ್ನು ನೀರಲ್ಲಿ ನೆನೆಹಾಕಿ, ಗೋಣಿಚೀಲದಲ್ಲಿ ಬಿಗಿದು ಕಟ್ಟಿ, ಮೇಲೆ ಕಲ್ಲು ಹೇರಿ ಇಟ್ಟಿದ್ದರು. ಒಳ್ಳೆಯ ಬೀಜವಾದರೆ ಮೂಟೆ ಬಿಚ್ಚಿದಾಗ ಕಾಳಿನ ತುದಿಗೆಲ್ಲ ಬೆಳ್ಳಗೆ ಮೊಳಕೆ ಮೂಡಿ, ಒಂದಕ್ಕೊಂದು ಹೆಣೆದುಕೊಂಡು, ಹಿಟ್ಟು ಹುದುಗಿದಂಥ ಬೆಚ್ಚನೆಯ ವಾಸನೆ ಬರುತ್ತದೆ. ಆ ರೈತರು ಹಗ್ಗ ಬಿಚ್ಚಿದರು. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಸತ್ತ ಇಲಿಯ ನಾತ. ಕೈ ಹಾಕಿ ಎತ್ತಿದರೆ ಲೋಳೆ ಲೋಳೆ ಅಂಬಲಿ ಬೆರಳ ಸಂದಿಯಿಂದ ಜಾರಿತು. ಅದರ ಮೇಲೆ ನೊಣ.

ನೆರೆದಿದ್ದ ಹತ್ತಾರು ಮಂದಿ ಬಾಯಿಗೆ ಬಂದಂತೆ ಆಡುತ್ತಿದ್ದರು. ಆದರೆ ಸಾಹುಕಾರರಿಗಲ್ಲ.

"ಕಲ್ಲೂರಾಕಿಗೆ ಸೊಕ್ಕು ಬಂದದ. ಹೆಸರಾತಲ್ಲ, ಇನ್ನ ಕೆಸರಿಗೆ ಯಾಕ ಇಳಿತಾಳ?"

"ಹಳೇ ನೆಲ್ಲು ಬೆರಸಿ ಕೊಟ್ಟಾಳ ಬಿಡು."

"ಆಕಿ ಕೈ ಚಲೋ ಅಂತ ನಾನ ಊರ ಮಂದಿಗೆಲ್ಲ ಹೇಳಿದ್ದೆ. ಈಗ ನನ್ನ ಮುಖಕ್ಕ ಉಗುಳಾಕತ್ತಾರ."

ನಾನು ಸಾಹುಕಾರರ ಮುಖ ನೋಡಿದೆ. ಅವರು ನಿಟ್ಟುಸಿರು ಬಿಟ್ಟು, "ಏನ್ ಮಾಡೂದ್ರಪಾ, ನಂಬಿ ತಗೊಂಡೀವಿ," ಅಂದರು. ನಂಬಿ ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದಾಗ ಮೂಟೆಯ ನಾತವೇ ವಾಸಿ ಅನಿಸಿತು. ಯಂತ್ರ ನೋಡದೆ ನಾನು ಏನೂ ಹೇಳುವುದಿಲ್ಲ ಎಂದು ಹೇಳಿ ಕಾರಿನಲ್ಲಿ ಹೋಗಿ ಕುಳಿತೆ.

ಮರುದಿನ ಮುಂಜಾನೆ ಮಾನ್ವಿಯ ಬಸ್ಸು ಹಿಡಿದು ಶೆಡ್ಡಿಗೆ ಹೋದೆ. ಕಂಪ್ಯೂಟರಿನ ಕೀಲಿಗಳ ಸಂದಿನಲ್ಲಿ ಹೊಟ್ಟಿನ ಧೂಳು, ಗುಟ್ಕಾ ತಿಂದ ಬೆರಳಿನ ಕಲೆ, ಎಂದೋ ಪೂಜೆ ಮಾಡಿದ ಕುಂಕುಮ ಎಲ್ಲ ಸೇರಿ ಗಟ್ಟಿಯಾಗಿತ್ತು. ಕರ್ಚೀಫಿನಿಂದ ಒರೆಸಿ ತೆರೆದೆ. ಬೀಜದ ಮಿತಿಯ ಪಕ್ಕದಲ್ಲಿ ನಾನು ದಪ್ಪ ಅಕ್ಷರದಲ್ಲಿ ಹಾಕಿದ್ದ ಸೆಲ್ಸಿಯಸ್ ಇರಲಿಲ್ಲ. ಅದರ ಜಾಗದಲ್ಲಿ ಫ್ಯಾರನ್‌ಹೀಟ್ ಎಂದಿತ್ತು. ಮುಂದೆ ನೂರಾ ಹತ್ತು.

"ಇದನ್ಯಾರು ಬದ್ಲು ಮಾಡಿದ್ರು?"

ಭಾವಮೈದುನ ಹಲ್ಲು ಕಿರಿದ. "ನೀವು ಹಟ ಹಿಡಿದ್ರಿ ಮೇಡಂ. ಸಾವ್ಕಾರ್ರಿಗೆ ಬ್ಯಾಸರಾತು. ನಮ್ಮ ಪರಿಚಯದವ್ರೊಬ್ರು ರಾಯಚೂರಾಗ ಅದಾರ, ಅವ್ರ ಕಡಿಂದ ಸಣ್ಣದೊಂದು ಬದಲಾವಣಿ ಮಾಡ್ಸಿದ್ವಿ. ಚಹಾ ಕುಡಿಯೂದ್ರಾಗ ಮಾಡಿ ಕೊಟ್ಟ್ರು ನೋಡ್ರಿ. ನಲವತ್ಮೂರು ಅಂದ್ರ ಫ್ಯಾರನ್‌ಹೀಟ್‌ನಾಗ ನೂರಾ ಹತ್ತ ಆಗ್ತದಲ್ರಿ? ಲೆಕ್ಕ ಬರೋಬ್ಬರಿ ಹಚ್ಚೀವಿ."

ಒಳಗೆ ತೆಗೆದು ನೋಡಿದೆ. ಆ ಪುಣ್ಯಾತ್ಮ ಮಾಡಿದ್ದು ಎರಡೇ ಕೆಲಸ. ಹೆಸರು ಬದಲಿಸಿದ್ದ. ನೂರಾ ಹತ್ತನ್ನು ನನ್ನ ಸಾಫ್ಟ್‌ವೇರ್ ತೆಗೆದುಕೊಳ್ಳದಿದ್ದಾಗ, ನಾನು ಹಾಕಿದ್ದ ಐವತ್ತರ ತಡೆಯನ್ನು ಕಿತ್ತು ಹಾಕಿದ್ದ. ಲೆಕ್ಕವನ್ನು ಮುಟ್ಟಿರಲಿಲ್ಲ. ಕಡ್ಡಿ ಮೊದಲಿನ ಹಾಗೆ ಸೆಲ್ಸಿಯಸ್‌ನಲ್ಲೇ ಅಳೆದು ಕೊಡುತ್ತಿತ್ತು. ಕಲ್ಲೂರಿನ ಬೀಜ ಒಣಗಿದ ದಿನ ಅದು ಕೊಟ್ಟದ್ದು ಅರವತ್ತೆಂಟು. ಮಿತಿ ನೂರಾ ಹತ್ತು. ಅರವತ್ತೆಂಟು ನೂರಾ ಹತ್ತಕ್ಕಿಂತ ಕಡಿಮೆ, ಹಾಗಾಗಿ ಪರದೆ ಹಸಿರು. ಡ್ರೈಯರಿನೊಳಗೆ ಬೀಜ ಬೆಂದು ಹೋಗುತ್ತಿದ್ದರೆ ಹೊರಗೆ ಪರದೆ ಗದ್ದೆಯ ಹಾಗೆ ಹಸಿರಾಗಿತ್ತು. ಗಾಳಿಗೆ ಸೆಲ್ಸಿಯಸ್, ಬೀಜಕ್ಕೆ ಫ್ಯಾರನ್‌ಹೀಟ್. ಸಾಹುಕಾರರು ಬಯಸಿದ್ದು ಚಾಚೂ ತಪ್ಪದೆ ಆಗಿತ್ತು.

ಒಲೆಯ ಮುಂದೆ ಕೆಲಸ ಮಾಡುವವನನ್ನು ಕರೆದು ಕೇಳಿದೆ. "ಹೋದ ವರ್ಷ ಗಂಟಿ ಹೊಡದಾಗ ಉರಿ ಇಳಸ್ತಿದ್ದೆ ನೋಡ್ರಿ," ಅಂದ. "ಈ ವರ್ಷ ಹೊಡಿಲೇ ಇಲ್ರಿ. ಹೊಟ್ಟು ಹಾಕ್ಕೋಂತ ಹೋದೆ."

"ಬೀಜ ಸುಡ್ತಿದ್ವಲ್ಲ, ಕೈಗೆ ತಿಳಿಲಿಲ್ಲೇನು?"

"ತಿಳೀತ್ರಿ. ಇವ್ರಿಗೆ ಹೇಳ್ದೆ. ಪರದಾ ಹಸರ ಅದಲ್ಲ, ನಿಂದೇನು ನಡುವ ಅಂದ್ರು."

ಭಾವಮೈದುನ ಗೋಡೆಯ ಕಡೆ ತಿರುಗಿ ಫೋನು ನೋಡತೊಡಗಿದ. ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲಿಲ್ಲವೇ ಎಂದು ಅವನನ್ನು ಕೇಳಿದೆ. ಮಾಡಿದ್ದರಂತೆ, ಡ್ರೈಯರಿಗೆ ಹಾಕುವುದಕ್ಕೆ ಮುಂಚೆ. ಆಗ ಒಂದೂ ಬಿಡದೆ ಮೊಳೆತಿದ್ದವಂತೆ. ಇದನ್ನು ಹೇಳುವಾಗ ಆ ಮಾತಿನಿಂದ ಯಾರ ತಪ್ಪು ಬಯಲಾಗುತ್ತದೆ ಎಂಬ ಪರಿವೆಯೂ ಅವನಿಗಿರಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಕಾರು ಬಂತು. ಹಿಂದೆಯೇ ಬಸ್ಸಿಳಿದು ಕಲ್ಲೂರಿನ ಆ ಹೆಂಗಸೂ ಬಂದರು. ಜಬಾಬು ಕೊಡಲು ಬಾ ಎಂದು ಕರೆಸಿದ್ದರಂತೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರಲಿಲ್ಲ. ವರ್ಷದೊಳಗೆ ಹತ್ತು ವರ್ಷ ಮುದಿಯಾದವರಂತೆ ಕಂಡರು.

"ತಂಗಿ, ಬಾಗಲವಾಡದಾಗ ನನ್ನ ತವರುಮನಿ ಅದ," ಅಂದರು ನನಗೆ. "ನನ್ನ ಅಣ್ಣನ ಹೊಲಕ್ಕೂ ಇದ ಬೀಜ ಒಯ್ದಾರ. ಅವ್ರ ಮನ್ಯಾಗ ನನ್ನ ಜೋಡಿ ಮಾತಾಡವಲ್ಲರು. ನನಗ ಬೇರೆ ಏನೂ ಬ್ಯಾಡ. ನಾ ಜೀವಂತ ಕೊಟ್ಟಿದ್ದೆ ಅನ್ನೂದು ಒಂದ ಮಾತು ಅವ್ರಿಗೆ ತಿಳಿಬೇಕು."

ಈ ವರ್ಷ ಡ್ರೈಯರಿನ ಪಕ್ಕ ಯಾಕೆ ಕೂರಲಿಲ್ಲ ಎಂದು ಕೇಳಿದೆ. ಕೂರಲು ಬಂದಿದ್ದರಂತೆ. ಈಗ ಕಂಪ್ಯೂಟರ್ ಕಾಯುತ್ತದೆ, ನೀವು ಮನೆಗೆ ಹೋಗಿ ಎಂದು ಭಾವಮೈದುನ ಕಳಿಸಿದ್ದನಂತೆ. ನನ್ನ ಸಾಫ್ಟ್‌ವೇರಿನ ಹೆಸರು ಹೇಳಿ ಆ ಹೆಂಗಸನ್ನು ಎಬ್ಬಿಸಿ ಕಳಿಸಿದ್ದಾರೆಂದು ತಿಳಿದಾಗ ನನಗೆ ಆ ಪರದೆಯನ್ನೇ ಎತ್ತಿ ಒಲೆಗೆ ಹಾಕಬೇಕೆನಿಸಿತು.

ಸಾಹುಕಾರರು ಅವರನ್ನು ಪರದೆಯ ಮುಂದೆ ನಿಲ್ಲಿಸಿ, ಬೆರಳಿಟ್ಟು ತೋರಿಸಿದರು. "ನೋಡವ್ವ, ನಿನ್ನ ಬೀಜ ಒಣಗಿದ್ದು ಅವತ್ತ. ಇದು ಹಸರು. ಇದೂ ಹಸರು. ಯಂತ್ರ ಸುಳ್ಳು ಹೇಳೂದಿಲ್ಲ. ನಿನ್ನ ಬೀಜದಾಗ ಏನರ ಇತ್ತು."

ನಾನು ನಡುವೆ ಬಾಯಿ ಹಾಕಿ, ಒಳಗೆ ಅರವತ್ತೆಂಟು ಸೆಲ್ಸಿಯಸ್ ಇತ್ತು, ಹಸಿರು ಬಂದದ್ದು ನೀವು ಹೆಸರು ಬದಲಿಸಿದ್ದರಿಂದ, ಬೀಜ ಸತ್ತದ್ದು ಇಲ್ಲಿ ಎಂದು ಬಿಡಿಸಿ ಹೇಳಿದೆ. ಸಾಹುಕಾರರು ನನ್ನ ಕಡೆ ತಿರುಗಿದರು. ನಿನ್ನೆಯ ಸಿಹಿ ದನಿ ಎಲ್ಲಿಯೋ ಹೋಗಿತ್ತು.

"ಕೆಲಸ ಬ್ಯಾರೇದವ್ರಿಗೆ ಕೊಟ್ಟೀವಂತ ಸಿಟ್ಟು ಇರ್ತದ್ರಿ ನಿಮಗ. ಇರ್ಲಿ. ಮೇಡಂ ಒಂದು ನಂಬರ್ ಹೇಳ್ತಾರ, ನಮ್ಮ ಹುಡುಗ ಒಂದು ಹೇಳ್ತಾನ. ನಾ ಯಾರ್ದು ಕೇಳ್ಲಿ? ಸ್ವಲ್ಪ ಬಿಸಿ ಹೆಚ್ಚು ಕಮ್ಮಿ ಆಗಿದ್ರೂ ಆಗಿರ್ಬಹುದು. ಅಷ್ಟಕ್ಕ ಬೀಜ ಸಾಯ್ತಾವೇನು?"

ಜೀವವಿದೆ, ಅದರ ಲೆಕ್ಕವೇ ಬೇರೆ ಎಂದು ನನ್ನ ಜೊತೆ ವಾದಿಸಿದ ಅದೇ ಬಾಯಿ. ನಾನು ಅಂಕಿಯ ಮೇಲೆ ಬೆರಳಿಟ್ಟು ಮತ್ತೆ ಲೆಕ್ಕ ಬಿಡಿಸಲು ಹೋದೆ.

ಆ ಹೆಂಗಸು ನನ್ನನ್ನು ತಡೆದರು. "ನನಗ ನಿಮ್ಮ ನಂಬರ್ ಬ್ಯಾಡ ಸಾವ್ಕಾರ್ರ," ಅಂದರು. "ಅವತ್ತ ಉರಿಸಿದಷ್ಟ ಉರಿಸ್ರಿ. ಒಂದೀಟು ನೆಲ್ಲು ಹಾಕ್ರಿ. ಅದ್ರಾಗ ಕೈ ಇಡ್ರಿ. ನನ್ನ ಬೀಜ ಇದ್ದಷ್ಟು ಹೊತ್ತು ಬ್ಯಾಡ. ನಾ ಒಂದು ಎಲಿ ಮಡಚಿ ಬಾಯಾಗ ಹಾಕ್ಕೊಳ್ಳೂತನಾ ಇಡ್ರಿ. ಸ್ವಲ್ಪ ಬೆಚ್ಚಗ ಅದ ಅಂತ ನೀವಂದ್ರ, ತಪ್ಪು ನಂದು ಅಂತ ನಾನ ಗಬ್ಬೂರಿಗೆ ಹೋಗಿ ಹೇಳ್ತೀನಿ."

ಚೀಲ ಹೊರುವವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಇಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಸಾಹುಕಾರರಿಗೆ ಬಾಯಿ ಬರಲಿಲ್ಲ. ಊಟದ ಭತ್ತ ಒಂದಿಷ್ಟು ಡ್ರೈಯರಿಗೆ ಬಿತ್ತು. ಒಲೆಯವನು ಹೊಟ್ಟು ಸುರಿದ. ಫ್ಯಾನು ಶುರುವಾಯಿತು. ಪರದೆಯ ಮೇಲೆ ಅಂಕಿ ಏರುತ್ತ ಹೋಯಿತು, ಬಣ್ಣ ಮಾತ್ರ ಹಸಿರೇ. ಅರವತ್ತೆಂಟಕ್ಕೆ ಬಂದು ಸ್ವಲ್ಪ ಹೊತ್ತು ನಿಂತ ಮೇಲೆ ಡ್ರೈಯರಿನ ಕಿಂಡಿ ತೆಗೆಸಿದರು. ಮುಖಕ್ಕೆ ಝಳ ಹೊಡೆಯಿತು.

ಸಾಹುಕಾರರು ಒಲೆಯವನ ಕಡೆ ನೋಡಿ, "ಲೇ, ನೀ ಇಡು," ಅಂದರು.

ಅವನು ಮರುಮಾತಿಲ್ಲದೆ ತೋಳು ಮಡಚಿಕೊಂಡು ಮುಂದೆ ಬಂದ.

"ಆತನ ಕೈ ಯಾಕ್ರಿ?" ಅಂದರು ಆ ಹೆಂಗಸು. "ನಿಮ್ಮ ಕೈ." ಸೊಂಟದ ಸಂಚಿಯಿಂದ ವೀಳ್ಯದೆಲೆ ತೆಗೆದು, ನಿಧಾನವಾಗಿ ತೊಟ್ಟು ಮುರಿಯತೊಡಗಿದರು.

ಸಾಹುಕಾರರು ಉಂಗುರದ ಕೈಯನ್ನು ಕಿಂಡಿಯೊಳಗಿನ ಭತ್ತಕ್ಕೆ ಇಳಿಸಿದರು. ಇಳಿಸಿದಷ್ಟೇ ಬೇಗ "ಯಪ್ಪಾ" ಎಂದು ಎಳೆದುಕೊಂಡು ಕಂಕುಳಲ್ಲಿ ಒತ್ತಿ ಹಿಡಿದರು. ಉಂಗುರ ಚುರುಗುಟ್ಟಿರಬೇಕು. ಆ ಹೆಂಗಸು ಎಲೆಗೆ ಇನ್ನೂ ಸುಣ್ಣ ಕೂಡ ಹಚ್ಚಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ಎಲೆಯನ್ನು ಮತ್ತೆ ಸಂಚಿಗೆ ಸೇರಿಸಿ, "ನಡೀರಿ ಗಬ್ಬೂರಿಗೆ," ಅಂದರು.

ಮೂವರೂ ಅದೇ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಸಾಹುಕಾರರು ಆಗಾಗ ಬೆರಳು ಊದಿಕೊಳ್ಳುತ್ತಿದ್ದರು. ಗಬ್ಬೂರಿನ ಆ ಅಂಗಳದಲ್ಲಿ ಕೊಳೆತ ಬೀಜವನ್ನು ತಿಪ್ಪೆಗೆ ಸುರಿದಿದ್ದರು, ನಾತ ಇನ್ನೂ ಹೋಗಿರಲಿಲ್ಲ. ಆ ಹೆಂಗಸನ್ನು ಕಂಡ ಕೂಡಲೇ ಮಂದಿ ಗೊಣಗಲು ಶುರು ಮಾಡಿದರು. ಅವರು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಸಾಹುಕಾರರತ್ತ ನೋಡುತ್ತ ನಿಂತರು.

"ಬೀಜ ಚಲೋ ಇದ್ವು," ಅಂದರು ಸಾಹುಕಾರರು, ನೆಲ ನೋಡಿಕೊಂಡು. "ಇವ್ರು ಜೀವಂತನ ಕೊಟ್ಟಿದ್ರು. ನಮ್ಮ ಡ್ರೈಯರ್‌ನಾಗ ಬಿಸಿ ಹೆಚ್ಚಾತು. ನಮ್ಮಲ್ಲೇ ಸತ್ತಾವು. ನಿಮಗ ಬ್ಯಾರೆ ಬೀಜ ಕೊಡ್ತೀನಿ."

ನಿನ್ನೆ ಸೊಕ್ಕು ಎಂದಿದ್ದವನು ಮೆಲ್ಲಗೆ ಹಿಂದೆ ಸರಿದ. ಅಷ್ಟಕ್ಕೇ ಸುಮ್ಮನಿದ್ದರೆ ಆ ಮನುಷ್ಯನ ಮೇಲೆ ನನಗೆ ಒಂದಿಷ್ಟಾದರೂ ಗೌರವ ಉಳಿಯುತ್ತಿತ್ತು. ಯಾರೋ ಒಬ್ಬರು ಅಂಥಾ ಬಿಸಿ ಎಷ್ಟಾಗಿತ್ತು ಎಂದು ಕೇಳಿದರು. ಸಾಹುಕಾರರಿಗೆ ಧೈರ್ಯ ಬಂದುಬಿಟ್ಟಿತು. ಅಂಗೈ ಅಗಲಿಸಿ ಎಲ್ಲರಿಗೂ ತೋರಿಸುತ್ತ ನಕ್ಕರು.

"ಬಾಳೇನಿಲ್ರಪಾ. ಇವತ್ತ ನಾನ ಅದ್ರಾಗ ಕೈ ಇಟ್ಟು ನೋಡೀನಿ. ಸ್ವಲ್ಪ ಚುರ್ ಅಂತು, ತಗದೆ. ಏನಾಗ್ಯದ? ಏನೂ ಆಗಿಲ್ಲ."

ಕಲ್ಲೂರಿನ ಆ ಹೆಂಗಸು ಆ ಅಂಗೈಯನ್ನೇ ನೋಡುತ್ತ ಕೇಳಿದರು:

"ನಿಮಗ ಚುರ್ ಅಂತು, ಕೈ ತಗದ್ರಿ. ಅವು ಎಲ್ಲಿಗೆ ಹೋಗ್ಬೇಕಿತ್ತು ಸಾವ್ಕಾರ್ರ?"